ಹುದುಗಿಗೆ ಬೇಕಾದ ಶೈತ್ಯ: ಬಿಯರ್ ತಯಾರಿಕೆಯಲ್ಲಿ ಉಷ್ಣತಾ ನಿಯಂತ್ರಣದ ಚಾರಿತ್ರಿಕ ಬೆಳವಣಿಗೆ

ಪೀಠಿಕೆ

ಧಾನ್ಯ, ಹಾಲು, ಹಣ್ಣಿನ ರಸಗಳನ್ನು ಹುದುಗಿಸಿ ಬಳಸುವ ವಿದ್ಯೆ ಮಾನವ ಸಂಸ್ಕೃತಿಯಷ್ಟೇ ಹಳೆಯದು. ಹಾಲಿಗೆ ಹೆಪ್ಪು ಹಾಕುವ, ದೋಸೆಯ ಹಿಟ್ಟನ್ನು ರಾತ್ರಿ ರುಬ್ಬಿಡುವ ಯಾವ ಮನೆಯಲ್ಲಿಯೂ ಹವೆಯ ಉಷ್ಣತೆಗೂ ಹುದುಗಿಗೂ ಇರುವ ಸಂಬಂಧ ಅನುಭವದಿಂದಲೇ ತಿಳಿದ ಸಂಗತಿಯಾಗಿದೆ. ಬೇಸಿಗೆಯಲ್ಲಿ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಹುಳಿಯಾಗುತ್ತದೆ. ಮಾಗಿಯ ಚಳಿಯಲ್ಲಿ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಬಳಿ ಇಡಬೇಕಾಗುತ್ತದೆ. ಬಿಯರ್ ತಯಾರಿಕೆಯ ಇತಿಹಾಸದ ಬಹುಭಾಗ ಇದೇ ಅನುಭವದ ವಿಸ್ತರಣೆಯಾಗಿದೆ. ಆದರೆ ಅಲ್ಲಿ ಬೇಕಾಗಿದ್ದುದು ಬೆಚ್ಚಗಿಡುವ ಉಪಾಯಕ್ಕಿಂತ ಹೆಚ್ಚಾಗಿ ತಣ್ಣಗಿಡುವ ಉಪಾಯ. ಶಾಖವನ್ನು ಒಲೆಯಿಂದ ಪಡೆಯುವುದು ಎಲ್ಲರಿಗೂ ಸಾಧ್ಯವಿತ್ತು; ಶೈತ್ಯವನ್ನು ಬೇಕೆಂದಾಗ ಪಡೆಯುವುದು 19ನೆಯ ಶತಮಾನದ ಉತ್ತರಾರ್ಧದವರೆಗೆ ಯಾರಿಗೂ ಸಾಧ್ಯವಿರಲಿಲ್ಲ.

ತಂತ್ರಜ್ಞಾನದ ಇತಿಹಾಸವನ್ನು ಬರೆದವರು ಈ ವಿಷಯವನ್ನು ಸಾಮಾನ್ಯವಾಗಿ ಶೈತ್ಯಯಂತ್ರದ ಆವಿಷ್ಕಾರದಿಂದ ಆರಂಭಿಸುತ್ತಾರೆ. ಹೀಗೆ ಮಾಡುವುದರಿಂದ ಎರಡು ಅಂಶಗಳು ಮರೆಯಾಗುತ್ತವೆ. ಮೊದಲನೆಯದು, ಯಂತ್ರಕ್ಕೆ ಮೂರು ಶತಮಾನಗಳ ಹಿಂದೆಯೇ ಉಷ್ಣತೆಯ ನಿಯಂತ್ರಣವು ಪಂಚಾಂಗ, ರಾಜಶಾಸನ ಹಾಗೂ ನೆಲಮಾಳಿಗೆಗಳ ಮೂಲಕ ನಡೆದಿತ್ತು ಎಂಬುದು. ಎರಡನೆಯದು, ಶೈತ್ಯವು ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಹೊಂದಿದ್ದವರ ಕೈಗೆ ಈ ಕಸುಬೂ ಸೇರಿತು ಎಂಬುದು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಹಳೆಯ ರೆಫ್ರಿಜರೇಟರುಗಳಿಂದ ರೂಪಿಸಲಾದ ಉಷ್ಣತಾ ನಿಯಂತ್ರಿತ ಹುದುಗು ಪೆಟ್ಟಿಗೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಮಾತ್ರ ಅದರ ಚಾರಿತ್ರಿಕ ಮಹತ್ವ ಸ್ಪಷ್ಟವಾಗುತ್ತದೆ. ಶೈತ್ಯವು ಋತುವಿನಿಂದ ನೆಲಮಾಳಿಗೆಗೆ, ಅಲ್ಲಿಂದ ಯಂತ್ರಕ್ಕೆ, ಯಂತ್ರದಿಂದ ಮನೆಗೆ ಬಂದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುದುಗು ಮತ್ತು ಉಷ್ಣತೆ

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದಾಗ ದೊರೆಯುವುದೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸವನ್ನು ಹಾಪ್ಸ್ ಹೂವಿನೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿದಾಗ ಹುದುಗುವಿಕೆ ಆರಂಭವಾಗುತ್ತದೆ. ಯೀಸ್ಟ್ ಜೀವಕೋಶಗಳು ಸಕ್ಕರೆಯನ್ನು ಮದ್ಯಸಾರ ಹಾಗೂ ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತವೆ. ಈ ಕ್ರಿಯೆಯಲ್ಲಿ ಶಾಖವೂ ಬಿಡುಗಡೆಯಾಗುತ್ತದೆ. ಒಂದು ಕಿಲೋಗ್ರಾಂ ಸಾರ ಹುದುಗಿದಾಗ ಹೊರಬೀಳುವ ಶಾಖ ಸುಮಾರು 587 ಕಿಲೋಜೂಲ್ ಎಂದು ಬಿಯರ್ ತಯಾರಿಕಾ ಶಾಸ್ತ್ರದಲ್ಲಿ ಲೆಕ್ಕ ಹಿಡಿಯಲಾಗುತ್ತದೆ. ಸಾಮಾನ್ಯ ಗಾಢತೆಯ 20 ಲೀಟರ್ ರಸದಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ಸಾರ ಹುದುಗುತ್ತದೆ. ಶಾಖವು ಹೊರಹೋಗಲು ದಾರಿಯೇ ಇಲ್ಲದಿದ್ದರೆ ರಸದ ಉಷ್ಣತೆ ಇದರಿಂದಲೇ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು. ವಾಸ್ತವದಲ್ಲಿ ಪಾತ್ರೆಯ ಗೋಡೆಯ ಮೂಲಕ ಶಾಖ ಸೋರಿಹೋಗುವುದರಿಂದ, ಮನೆಯ ಅಳತೆಯ ಪಾತ್ರೆಯಲ್ಲಿ ರಸವು ಸುತ್ತಲಿನ ಗಾಳಿಗಿಂತ ಕೆಲವೇ ಡಿಗ್ರಿಗಳಷ್ಟು ಬಿಸಿಯಾಗಿರುತ್ತದೆ. ಪಾತ್ರೆ ದೊಡ್ಡದಾದಂತೆ ಗಾತ್ರಕ್ಕೆ ಹೋಲಿಸಿದರೆ ಅದರ ಮೇಲ್ಮೈ ಕಡಿಮೆಯಾಗುವುದರಿಂದ ಶಾಖವು ಒಳಗೇ ಉಳಿಯುತ್ತದೆ. ಹೀಗಾಗಿ ಕಸುಬು ದೊಡ್ಡದಾದಷ್ಟೂ ತಣಿಸುವ ಸಮಸ್ಯೆಯೂ ದೊಡ್ಡದಾಯಿತು.

ಬಿಯರಿನ ಯೀಸ್ಟ್‌ಗಳನ್ನು ಸಂಪ್ರದಾಯದಂತೆ ಎರಡು ವರ್ಗಗಳಾಗಿ ವಿಂಗಡಿಸಲಾಗಿದೆ. ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡಿ ರಸದ ಮೇಲೆ ನೊರೆಯಾಗಿ ತೇಲುವುದು ಒಂದು ವರ್ಗ. ಇದರಿಂದ ತಯಾರಾಗುವುದು ಏಲ್. ಸುಮಾರು 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ ತಳದಲ್ಲಿ ನೆಲೆಸುವುದು ಇನ್ನೊಂದು ವರ್ಗ. ಇದರಿಂದ ತಯಾರಾಗುವುದು ಲಾಗರ್. ಹುದುಗಿದ ನಂತರ ಲಾಗರನ್ನು ಇನ್ನೂ ತಂಪಾದ ಸ್ಥಳದಲ್ಲಿ ವಾರಗಟ್ಟಲೆ ಸಂಗ್ರಹಿಸಿಡಬೇಕು. ಜರ್ಮನ್ ಭಾಷೆಯಲ್ಲಿ 'ಲಾಗರ್' ಎಂಬ ಪದಕ್ಕೆ ಉಗ್ರಾಣ ಎಂದೇ ಅರ್ಥ. ಉಷ್ಣತೆ ಮಿತಿ ಮೀರಿದಾಗ ಯೀಸ್ಟ್ ಕಟುವಾದ ಮದ್ಯಸಾರಗಳನ್ನೂ ಅತಿಯಾದ ಹಣ್ಣಿನ ವಾಸನೆಯ ಎಸ್ಟರುಗಳನ್ನೂ ಉತ್ಪಾದಿಸುತ್ತದೆ; ಅತಿಯಾಗಿ ಇಳಿದಾಗ ಕೆಲಸ ನಿಲ್ಲಿಸಿಬಿಡುತ್ತದೆ. ಹುಳಿ ತರಿಸುವ ಬ್ಯಾಕ್ಟೀರಿಯಾಗಳಿಗೂ ಬೆಚ್ಚನೆಯ ವಾತಾವರಣವೇ ಅನುಕೂಲಕರ.

ಋತು, ಶಾಸನ ಮತ್ತು ನೆಲಮಾಳಿಗೆ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ತಯಾರಿಕೆ ಬಹುಮಟ್ಟಿಗೆ ಗೃಹಕೃತ್ಯವಾಗಿತ್ತು. ಅದನ್ನು ಮಾಡುತ್ತಿದ್ದವರು ಮಹಿಳೆಯರು. ಹಾಪ್ಸ್ ಇಲ್ಲದ ಆ ಏಲ್ ಕೆಲವೇ ದಿನಗಳಲ್ಲಿ ಕೆಡುತ್ತಿದ್ದುದರಿಂದ ಅದನ್ನು ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ತಯಾರಿಸಿ, ಹೆಚ್ಚಾದುದನ್ನು ನೆರೆಹೊರೆಗೆ ಮಾರಲಾಗುತ್ತಿತ್ತು. ಇತಿಹಾಸಕಾರ್ತಿ ಜೂಡಿತ್ ಬೆನೆಟ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1300ರಿಂದ 1600ರ ಅವಧಿಯಲ್ಲಿ ಈ ಕಸುಬು ಮಹಿಳೆಯರ ಕೈತಪ್ಪಿ ಬಂಡವಾಳವುಳ್ಳ ಪುರುಷರ ಕೈ ಸೇರಿದ ಬಗೆಯನ್ನು ವಿವರಿಸಿದ್ದಾರೆ. ಹಾಪ್ಸ್ ಬೆರೆಸಿದ ಬಿಯರ್ ಹೆಚ್ಚು ದಿನ ಉಳಿಯುತ್ತಿತ್ತು; ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ದೂರಕ್ಕೆ ಸಾಗಿಸಬಹುದಿತ್ತು; ಅದಕ್ಕೆ ದೊಡ್ಡ ಕಡಾಯಿಗಳೂ ಪೀಪಾಯಿಗಳೂ ಸಾಲವೂ ಬೇಕಾಗಿದ್ದವು. ಈ ಪಲ್ಲಟದಲ್ಲಿ ಶೈತ್ಯದ ಪಾತ್ರವಿರಲಿಲ್ಲ. ಆದರೆ ಮುಂದೆ ಶೈತ್ಯಕ್ಕೂ ಬಂಡವಾಳ ಬೇಕಾದಾಗ ಮನೆಗೂ ಕಸುಬಿಗೂ ನಡುವಿನ ಅಂತರ ಇನ್ನಷ್ಟು ಹೆಚ್ಚಿತು.

ಶೈತ್ಯವು ರಾಜ್ಯದ ಕಾಳಜಿಯಾದುದು ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ. ಕ್ರಿ.ಶ. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಹೊರಡಿಸಲಾದ ಪ್ರಸಿದ್ಧ ಶಾಸನವು ಬಾರ್ಲಿ, ಹಾಪ್ಸ್ ಹಾಗೂ ನೀರನ್ನು ಮಾತ್ರ ಬಳಸಬೇಕೆಂದು ವಿಧಿಸಿತು ಎಂಬ ಅಂಶವೇ ಹೆಚ್ಚು ಪ್ರಚಾರದಲ್ಲಿದೆ. ಅದೇ ಶಾಸನವು ಬಿಯರಿನ ಬೆಲೆಯನ್ನು ಋತುವಿಗೆ ಅನುಗುಣವಾಗಿ ನಿಗದಿಪಡಿಸಿತ್ತೆಂಬುದು ಈ ಸಂದರ್ಭದಲ್ಲಿ ಗಮನಾರ್ಹ. ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಒಂದು ಅಳತೆಗೆ ಒಂದು ಫೆನಿಗ್ ಮೀರಬಾರದೆಂದೂ ಉಳಿದ ಕಾಲದಲ್ಲಿ ಎರಡು ಫೆನಿಗ್ ಮೀರಬಾರದೆಂದೂ ಅದು ಆಜ್ಞಾಪಿಸಿತು. 1553ರಲ್ಲಿ ಡ್ಯೂಕ್ ಐದನೆಯ ಆಲ್ಬ್ರೆಕ್ಟನು ಒಂದು ಹೆಜ್ಜೆ ಮುಂದೆ ಹೋಗಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿದನು. ಬೇಸಿಗೆಯಲ್ಲಿ ತಯಾರಾದ ಬಿಯರ್ ಕೆಡುತ್ತಿದ್ದುದು ಇದಕ್ಕೆ ಕಾರಣ. ಈ ನಿರ್ಬಂಧ 1850ರವರೆಗೂ ಮುಂದುವರಿಯಿತು. ಸೂಕ್ಷ್ಮಜೀವಿಗಳ ಕಲ್ಪನೆಯೇ ಇರದಿದ್ದ ಕಾಲದಲ್ಲಿ ಪಂಚಾಂಗವೇ ಉಷ್ಣಮಾಪಕದ ಕೆಲಸ ಮಾಡಿತು.

ಚಳಿಗಾಲಕ್ಕೆ ಸೀಮಿತವಾದ ಈ ಪದ್ಧತಿಯಿಂದ ತಂಪಿನಲ್ಲಿ ಕೆಲಸ ಮಾಡುವ ಯೀಸ್ಟ್ ತಳಿಗಳು ಆಯ್ಕೆಗೊಂಡು ಉಳಿದವು. ಲಾಗರ್ ಯೀಸ್ಟ್ ಎರಡು ಪ್ರಭೇದಗಳ ಮಿಶ್ರತಳಿ. ಅವುಗಳಲ್ಲಿ ಚಳಿ ತಾಳುವ ಗುಣವಿರುವ ಪ್ರಭೇದವನ್ನು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡುಗಳಲ್ಲಿ ಗುರುತಿಸಿದ ವರದಿ ಪ್ರಕಟವಾದುದು 2011ರಲ್ಲಿ. 1602ರಲ್ಲಿ ಗೋಧಿ ಬಿಯರಿನ ಯೀಸ್ಟ್ ಮ್ಯೂನಿಕ್‌ನ ಅರಸರ ಬಿಯರ್ ಶಾಲೆಗೆ ಬಂದು, ಅಲ್ಲಿದ್ದ ತಂಪು ಹುದುಗಿನೊಂದಿಗೆ ಬೆರೆತು ಈ ಮಿಶ್ರತಳಿ ಹುಟ್ಟಿರಬಹುದೆಂಬ ವಾದವನ್ನು 2023ರಲ್ಲಿ ಸಂಶೋಧಕರು ಮುಂದಿಟ್ಟಿದ್ದಾರೆ.

ಬೇಸಿಗೆಯ ಬೇಡಿಕೆಗಾಗಿ ವಸಂತದ ಆರಂಭದಲ್ಲಿ ತಯಾರಿಸಿದ ಬಿಯರನ್ನು ಶರತ್ಕಾಲದವರೆಗೆ ಕಾಪಾಡಬೇಕಾಗಿತ್ತು. ಇದಕ್ಕಾಗಿ ಮ್ಯೂನಿಕ್‌ನ ಬ್ರೂವರಿಗಳು ಇಸಾರ್ ನದಿಯ ದಂಡೆಯ ಏರುಗಳಲ್ಲಿ ನೆಲಮಾಳಿಗೆಗಳನ್ನು ತೋಡಿಸಿದವು. ಚಳಿಗಾಲದಲ್ಲಿ ಕೆರೆ, ಹೊಳೆಗಳ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕೊಯ್ದು ಅವುಗಳಲ್ಲಿ ತುಂಬಿಸಲಾಗುತ್ತಿತ್ತು. ಮಾಳಿಗೆಯ ಮೇಲಿನ ನೆಲಕ್ಕೆ ಜಲ್ಲಿ ಹರಡಿ, ದಟ್ಟ ನೆರಳಿಗಾಗಿ ಚೆಸ್ಟ್‌ನಟ್ ಮರಗಳನ್ನು ನೆಡಲಾಯಿತು. ಆ ನೆರಳಿನಲ್ಲಿಯೇ ಬಿಯರ್ ಮಾರಾಟ ಮಾಡಲು 1812ರ ಜನವರಿ 4ರಂದು ಬವೇರಿಯಾದ ಅರಸನು ಅನುಮತಿ ನೀಡಿದನು. ರೊಟ್ಟಿಯ ಹೊರತು ಬೇರೆ ಆಹಾರ ಮಾರುವಂತಿರಲಿಲ್ಲ. ಇಂದು ಪ್ರವಾಸಿಗಳನ್ನು ಆಕರ್ಷಿಸುವ ಮ್ಯೂನಿಕ್‌ನ ಬಿಯರ್ ತೋಟಗಳು ಮೂಲತಃ ಹುದುಗಿನ ಉಗ್ರಾಣಗಳ ಮೇಲ್ಛಾವಣಿಗಳಾಗಿದ್ದವು.

ಉಷ್ಣಮಾಪಕ ಮತ್ತು ನೀರಿನ ಸುರುಳಿ

ಜರ್ಮನಿಯಲ್ಲಿ ಶೈತ್ಯದ ಅನುಭವವಿತ್ತು. ಅದನ್ನು ಅಳೆಯುವ ಕ್ರಮ ಬ್ರಿಟನ್ನಿನಲ್ಲಿ ಬೆಳೆಯಿತು. ಲಂಡನ್ನಿನ ಮೈಕೆಲ್ ಕೊಂಬ್ರೂನ್ 1758ರಲ್ಲಿ ಪ್ರಕಟಿಸಿದ ಬಿಯರ್ ತಯಾರಿಕೆಯ ಗ್ರಂಥದಲ್ಲಿ ಉಷ್ಣಮಾಪಕದ ಬಳಕೆಯನ್ನು ಕ್ರಮಬದ್ಧವಾಗಿ ಪ್ರತಿಪಾದಿಸಿದನು. ಅದುವರೆಗೆ ನೀರಿನ ಹದವನ್ನು ಕೈಯಿಂದಲೋ ಹಬೆಯ ನಡುವೆ ಕಾಣುವ ಮುಖದ ಪ್ರತಿಬಿಂಬದಿಂದಲೋ ನಿರ್ಧರಿಸಲಾಗುತ್ತಿತ್ತು. ಪರಂಪರೆಯ ಕಸುಬುದಾರರು ಹೊಸ ಉಪಕರಣವನ್ನು ಸುಲಭವಾಗಿ ಒಪ್ಪಲಿಲ್ಲ. ಹ್ಯಾಂಪ್‌ಶೈರಿನ ಜೇಮ್ಸ್ ಬೇವರ್‌ಸ್ಟಾಕ್ ತನ್ನ ತಂದೆಗೆ ತಿಳಿಯದಂತೆ ಉಷ್ಣಮಾಪಕವನ್ನು ಬಳಸುತ್ತಿದ್ದನೆಂಬುದು ಈ ಕಸುಬಿನ ಇತಿಹಾಸದಲ್ಲಿ ದಾಖಲಾಗಿರುವ ಸಂಗತಿ.

ಉಷ್ಣತೆಯನ್ನು ಅಳೆಯಲು ಬಂದ ಮೇಲೆ ಅದನ್ನು ತಿದ್ದುವ ಉಪಾಯಗಳೂ ಹುಟ್ಟಿದವು. ಬ್ರಿಟನ್ನಿನ ದೊಡ್ಡ ಬ್ರೂವರಿಗಳಲ್ಲಿ 19ನೆಯ ಶತಮಾನದ ಹೊತ್ತಿಗೆ ಹುದುಗುವ ತೊಟ್ಟಿಗಳೊಳಗೆ ತಾಮ್ರದ ಕೊಳವೆಯ ಸುರುಳಿಗಳನ್ನು ಅಳವಡಿಸಿ ಅವುಗಳಲ್ಲಿ ಬಾವಿಯ ತಣ್ಣೀರನ್ನು ಹರಿಯಿಸುವ ಪದ್ಧತಿ ರೂಢಿಗೆ ಬಂದಿತು. ಕೋಣೆಯನ್ನು ತಣಿಸದೆ, ಹುದುಗುತ್ತಿರುವ ರಸವನ್ನೇ ನೇರವಾಗಿ ತಣಿಸಿದ ಈ ಕ್ರಮ ಇಂದಿನ ಕಾರ್ಖಾನೆಗಳ ತಂಪು ಕವಚದ ತೊಟ್ಟಿಗಳ ಪೂರ್ವರೂಪ. ಬಾವಿಯ ನೀರು ಏಲ್‌ಗೆ ಸಾಕಾಗುವಷ್ಟು ತಂಪಾಗಿತ್ತು. ಲಾಗರ್‌ಗೆ ಬೇಕಾದ ತಂಪನ್ನು ಅದು ಕೊಡಲಾರದಾಗಿತ್ತು.

1833ರಲ್ಲಿ ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿಯ ಗೇಬ್ರಿಯಲ್ ಸೆಡ್ಲ್‌ಮಾಯರ್ ಹಾಗೂ ವಿಯೆನ್ನಾದ ಆಂಟನ್ ಡ್ರೆಹರ್ ಜೊತೆಯಾಗಿ ಬ್ರಿಟನ್ನಿನ ಬ್ರೂವರಿಗಳನ್ನು ಸಂದರ್ಶಿಸಿದರು. ಟೊಳ್ಳಾದ ಊರುಗೋಲಿನಲ್ಲಿ ಅವರು ರಸದ ಮಾದರಿಗಳನ್ನು ಗುಟ್ಟಾಗಿ ಸಂಗ್ರಹಿಸಿ ಅಳೆದು ನೋಡುತ್ತಿದ್ದರೆಂದು ಪ್ರತೀತಿಯಿದೆ. ಅಳತೆಯ ಶಿಸ್ತನ್ನು ತಮ್ಮ ನೆಲದ ತಂಪು ಹುದುಗಿಗೆ ಜೋಡಿಸಿದ ಇವರಿಬ್ಬರಿಂದ 1840ರ ದಶಕದಲ್ಲಿ ಹೊಸ ಬಗೆಯ ಲಾಗರುಗಳು ಹೊರಬಂದವು. ಬೊಹೀಮಿಯಾದ ಪ್ಲಜೆನ್ ನಗರದಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ 1842ರ ಅಕ್ಟೋಬರ್ 5ರಂದು ಹೊಂಬಣ್ಣದ ಲಾಗರಿನ ಮೊದಲ ಕಂತನ್ನು ತಯಾರಿಸಿದನು. 1845ರಲ್ಲಿ ಡೆನ್ಮಾರ್ಕಿನ ಯಾಕೊಬ್‌ಸೆನ್ ಸ್ಪಾಟೆನ್‌ನಿಂದ ಯೀಸ್ಟ್ ಪಡೆದು, ದೀರ್ಘ ಪ್ರಯಾಣದ ನಿಲುಗಡೆಗಳಲ್ಲಿ ಅದರ ಪಾತ್ರೆಗಳಿಗೆ ತಣ್ಣೀರೆರೆಯುತ್ತ ಕೋಪನ್‌ಹೇಗನ್‌ಗೆ ತಂದನೆಂದು ಅವನು 1847ರಲ್ಲಿ ಸ್ಥಾಪಿಸಿದ ಕಾರ್ಲ್ಸ್‌ಬರ್ಗ್ ಸಂಸ್ಥೆಯ ಇತಿಹಾಸ ತಿಳಿಸುತ್ತದೆ.

ಶೈತ್ಯಯಂತ್ರದ ಪ್ರವೇಶ

ಲಾಗರಿನ ಬೇಡಿಕೆ ಬೆಳೆದಂತೆ ಮಂಜುಗಡ್ಡೆಯ ಅಗತ್ಯವೂ ಬೆಳೆಯಿತು. ಚಳಿ ಕಡಿಮೆಯಾದ ವರ್ಷಗಳಲ್ಲಿ ಮಂಜುಗಡ್ಡೆ ಸಿಗದೆ ಬ್ರೂವರಿಗಳು ಕಷ್ಟಕ್ಕೆ ಸಿಲುಕುತ್ತಿದ್ದವು. ಲೂಯಿ ಪಾಶ್ಚರನು 1876ರಲ್ಲಿ ಪ್ರಕಟಿಸಿದ ಬಿಯರ್ ಕುರಿತ ಗ್ರಂಥದಲ್ಲಿ, ತಂಪು ಹುದುಗಿನ ಬಿಯರ್ ಕೆಡದೆ ಉಳಿಯುವುದಕ್ಕೆ ಕಾರಣ ತಗ್ಗಿದ ಉಷ್ಣತೆಯಲ್ಲಿ ರೋಗಕಾರಕ ಸೂಕ್ಷ್ಮಜೀವಿಗಳು ಬೆಳೆಯದಿರುವುದೇ ಎಂದು ವಿವರಿಸಿದನು. ಮಂಜುಗಡ್ಡೆಗಾಗಿ ಆಗುವ ವೆಚ್ಚವನ್ನೂ ಅವನು ಗಮನಿಸಿದ್ದನು.

ಹಬೆಯನ್ನು ಒತ್ತಿ ದ್ರವವಾಗಿಸಿ, ಮತ್ತೆ ಆವಿಯಾಗಲು ಬಿಟ್ಟಾಗ ಅದು ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ ಎಂಬ ತತ್ತ್ವ ಆ ವೇಳೆಗೆ ಹೊಸದೇನೂ ಆಗಿರಲಿಲ್ಲ. ಆಸ್ಟ್ರೇಲಿಯಾದ ಜೀಲಾಂಗ್‌ನ ಪತ್ರಕರ್ತ ಜೇಮ್ಸ್ ಹ್ಯಾರಿಸನ್ 1850ರ ದಶಕದಲ್ಲಿಯೇ ಈಥರ್ ಬಳಸುವ ಯಂತ್ರವನ್ನು ನಿರ್ಮಿಸಿದ್ದನು. ಅದರ ಆರಂಭಿಕ ಬಳಕೆಗಳಲ್ಲೊಂದು ಬ್ರೂವರಿಯಲ್ಲಿಯೇ ಆಯಿತು. ಆದರೆ ಯಂತ್ರದ ದಕ್ಷತೆಯನ್ನು ಉಷ್ಣಗತಿಶಾಸ್ತ್ರದ ಲೆಕ್ಕಾಚಾರದಿಂದ ನಿರ್ಧರಿಸಿದ ಕೀರ್ತಿ ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಕಾರ್ಲ್ ಲಿಂಡೆಗೆ ಸಲ್ಲುತ್ತದೆ. 1870-71ರಲ್ಲಿ ಅವನು ಪ್ರಕಟಿಸಿದ ಲೇಖನಗಳು ಬ್ರೂವರಿಗಳ ಗಮನ ಸೆಳೆದವು. ಸೆಡ್ಲ್‌ಮಾಯರ್ ಹಾಗೂ ಡ್ರೆಹರ್ ಸಂಸ್ಥೆಗಳ ಧನಸಹಾಯದಿಂದ ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯಲ್ಲಿ 1873ರ ಸುಮಾರಿಗೆ ಸಿದ್ಧವಾದ ಮೊದಲ ಯಂತ್ರವನ್ನು ಸ್ಪಾಟೆನ್ ಬ್ರೂವರಿಯಲ್ಲಿ ಪರೀಕ್ಷಿಸಲಾಯಿತು. ಅದರಲ್ಲಿ ಬಳಸಿದ ಮೀಥೈಲ್ ಈಥರ್ ಅಪಾಯಕಾರಿಯಾಗಿದ್ದುದರಿಂದ ಮುಂದಿನ ಯಂತ್ರದಲ್ಲಿ ಅಮೋನಿಯಾವನ್ನು ಅಳವಡಿಸಲಾಯಿತು. ಏಡ್ರಿಯಾಟಿಕ್ ತೀರದ ಟ್ರಿಯೆಸ್ಟ್‌ನಲ್ಲಿದ್ದ ಡ್ರೆಹರ್ ಬ್ರೂವರಿಯಲ್ಲಿ ಅದು 1877ರಲ್ಲಿ ಕಾರ್ಯಾರಂಭ ಮಾಡಿತು. ಮಂಜುಗಡ್ಡೆ ಕಟ್ಟದ ಕಡಲತೀರದ ಊರಿನಲ್ಲಿ ಲಾಗರ್ ಹುದುಗಬಹುದೆಂಬುದು ಇದರಿಂದ ಸಿದ್ಧವಾಯಿತು. 1879ರಲ್ಲಿ ಲಿಂಡೆ ಪ್ರಾಧ್ಯಾಪಕ ಹುದ್ದೆಯನ್ನು ತೊರೆದು ತನ್ನ ಹೆಸರಿನ ಕಂಪನಿಯನ್ನು ಸ್ಥಾಪಿಸಿದನು. 1883-84ರ ಚಳಿಗಾಲ ಬೆಚ್ಚಗಿದ್ದು ಮಂಜುಗಡ್ಡೆ ದುಬಾರಿಯಾದಾಗ, ಅದುವರೆಗೆ ಹಿಂಜರಿಯುತ್ತಿದ್ದ ಬ್ರೂವರಿಗಳೂ ಯಂತ್ರವನ್ನು ಕೊಳ್ಳಲು ಮುಂದಾದವು.

ಅದೇ 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಿಯರ್ ತಯಾರಿಕೆಗೆ ಒದಗಿಸಿದನು. ಯಂತ್ರದ ಶೈತ್ಯ ಹಾಗೂ ಶುದ್ಧ ಯೀಸ್ಟ್ ಎರಡೂ ಕೂಡಿದಾಗ ಒಂದೇ ರುಚಿಯ ಬಿಯರನ್ನು ಯಾವ ಊರಿನಲ್ಲಾದರೂ ಯಾವ ತಿಂಗಳಿನಲ್ಲಾದರೂ ತಯಾರಿಸುವುದು ಸಾಧ್ಯವಾಯಿತು. ಇದರ ಫಲವನ್ನು ಪಡೆದವರು ಅಮೋನಿಯಾ ಯಂತ್ರವನ್ನೂ ಅದನ್ನು ನಡೆಸುವ ಹಬೆಯ ಎಂಜಿನ್ನನ್ನೂ ಕೊಳ್ಳಬಲ್ಲ ದೊಡ್ಡ ಸಂಸ್ಥೆಗಳು. ಊರೂರಿನ ಸಣ್ಣ ಬ್ರೂವರಿಗಳು ಸ್ಪರ್ಧೆಯಲ್ಲಿ ಹಿಂದೆ ಬಿದ್ದವು. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆ ಕೊಯ್ದು ಕೂಲಿ ಪಡೆಯುತ್ತಿದ್ದವರ ಕೆಲಸವೂ ಕ್ರಮೇಣ ಇಲ್ಲವಾಯಿತು.

ಭಾರತದ ಸಂದರ್ಭ: ಬೆಟ್ಟದಿಂದ ಬಯಲಿಗೆ

ವಸಾಹತು ಕಾಲದ ಭಾರತದಲ್ಲಿಯೂ ಶೈತ್ಯದ ಇದೇ ಸಮಸ್ಯೆ ಭೂಗೋಳದ ರೂಪದಲ್ಲಿ ಕಾಣಿಸಿಕೊಂಡಿತು. ಬ್ರಿಟಿಷ್ ಸೈನಿಕರಿಗೂ ಅಧಿಕಾರಿಗಳಿಗೂ ಬೇಕಾದ ಬಿಯರ್ ಆರಂಭದಲ್ಲಿ ಹಡಗಿನಲ್ಲಿ ಬರುತ್ತಿತ್ತು. 1833ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರ್ ಕಳುಹಿಸಿದ ಮಂಜುಗಡ್ಡೆಯ ಹಡಗು ಕಲ್ಕತ್ತೆಯನ್ನು ತಲುಪಿತು. 1840ರ ದಶಕದಲ್ಲಿ ಮದರಾಸಿನ ಕಡಲತೀರದಲ್ಲಿ ಅವನ ಮಂಜುಗಡ್ಡೆಯ ಉಗ್ರಾಣ ನಿರ್ಮಾಣವಾಯಿತು. ಮುಂದೆ ಸ್ವಾಮಿ ವಿವೇಕಾನಂದರು ತಂಗಿದ್ದರಿಂದ ಪ್ರಸಿದ್ಧವಾದ 'ಐಸ್ ಹೌಸ್' ಇದೇ. ಆದರೆ ಸಾಗರ ದಾಟಿ ಬಂದ ಈ ದುಬಾರಿ ಮಂಜುಗಡ್ಡೆ ಶ್ರೀಮಂತರ ಪಾನೀಯವನ್ನು ತಣಿಸಲು ಬಳಕೆಯಾಯಿತೇ ಹೊರತು ಹುದುಗುವ ತೊಟ್ಟಿಗಳಿಗೆ ಒದಗಲಿಲ್ಲ.

ಆದುದರಿಂದ ಇಲ್ಲಿಯ ಆರಂಭದ ಬ್ರೂವರಿಗಳು ತಂಪನ್ನು ಅರಸಿ ಬೆಟ್ಟಗಳನ್ನು ಏರಿದವು. 1850ರ ದಶಕದಲ್ಲಿ ಎಡ್ವರ್ಡ್ ಡಯರ್ ಹಿಮಾಲಯದ ಕಸೌಲಿಯಲ್ಲಿ ಬ್ರೂವರಿಯನ್ನು ಸ್ಥಾಪಿಸಿದನು. 1860ರಲ್ಲಿ ಈಗಿನ ಪಾಕಿಸ್ತಾನದ ಮರ್‍ರಿ ಬೆಟ್ಟಗಳಲ್ಲಿ ಮತ್ತೊಂದು ಸ್ಥಾಪಿತವಾಯಿತು. ದಕ್ಷಿಣದಲ್ಲಿ ನೀಲಗಿರಿಯ ಬೆಟ್ಟಗಳು ಇದೇ ಪಾತ್ರವನ್ನು ವಹಿಸಿದವು. ಕ್ಯಾಸಲ್ ಬ್ರೂವರಿಯ ಸ್ಥಾಪನೆಯ ವರ್ಷವನ್ನು 1857 ಎಂದು ಗುರುತಿಸಲಾಗಿದೆ. ಬೆಂಗಳೂರಿನ ದಂಡುಪ್ರದೇಶದ ಬೇಡಿಕೆಯನ್ನು ಅವಲಂಬಿಸಿದ ಬೆಂಗಳೂರು ಬ್ರೂವರಿ ಆರಂಭವಾದುದು 1885ರಲ್ಲಿ. ಈ ಎರಡೂ ಸೇರಿದಂತೆ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ರಚಿಸಿದನು. ಸ್ವಾತಂತ್ರ್ಯಾನಂತರ ವಿಠಲ ಮಲ್ಯರ ನೇತೃತ್ವದಲ್ಲಿ ಅದು ಬೆಂಗಳೂರನ್ನು ಕೇಂದ್ರವಾಗಿರಿಸಿಕೊಂಡು ಬೆಳೆಯಿತು.

ಬೆಂಗಳೂರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಉದಕಮಂಡಲದ ಎತ್ತರ ಸುಮಾರು 2,200 ಮೀಟರ್. ಬೆಂಗಳೂರಿನಲ್ಲಿ ಮಾಗಿಯ ರಾತ್ರಿಯ ಸರಾಸರಿ ಕನಿಷ್ಠ ಉಷ್ಣತೆಯೂ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಈ ಹವೆ ಏಲ್ ಹುದುಗಿಗೆ ಹೊಂದುತ್ತದೆ. ಲಾಗರಿಗೆ ಬೇಕಾದ ತಂಪನ್ನು ವರ್ಷದ ಯಾವ ಕಾಲದಲ್ಲಿಯೂ ತಡೆಯಿಲ್ಲದೆ ಕೊಡಲಾರದು. ನಗರದ ಹಿತವಾದ ಹವೆಯೇ ಅದನ್ನು ಬಿಯರಿನ ಊರಾಗಿಸಿತೆಂಬ ಜನಪ್ರಿಯ ಅಭಿಪ್ರಾಯವನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾಗಿದೆ. 20ನೆಯ ಶತಮಾನದಲ್ಲಿ ಇಲ್ಲಿ ತಯಾರಾದ ಲಾಗರಿನ ಹಿಂದೆ ಇದ್ದುದು ಯಂತ್ರದ ಶೈತ್ಯ. 2010ರ ನಂತರ ನಗರದಲ್ಲಿ ತಲೆಯೆತ್ತಿದ ಕಿರು ಬ್ರೂವರಿಗಳೂ ತಣ್ಣನೆಯ ದ್ರವ ಹರಿಯುವ ಕವಚವುಳ್ಳ ಉಕ್ಕಿನ ತೊಟ್ಟಿಗಳನ್ನೇ ಅವಲಂಬಿಸಿವೆ.

ಮನೆಯ ಹುದುಗು ಪೆಟ್ಟಿಗೆ

ಬ್ರಿಟನ್ನಿನಲ್ಲಿ 1880ರ ಕಾಯಿದೆಯು ಮನೆಯಲ್ಲಿ ಬಿಯರ್ ತಯಾರಿಸುವವರಿಗೂ ಪರವಾನಗಿಯನ್ನು ವಿಧಿಸಿತ್ತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೋಡ್ಲಿಂಗ್ ಅದನ್ನು ರದ್ದುಗೊಳಿಸಿದರು. ಅಮೆರಿಕದಲ್ಲಿ 1920ರಿಂದ 1933ರವರೆಗಿನ ಪಾನನಿಷೇಧ ಕೊನೆಗೊಂಡಾಗ ಮನೆಯಲ್ಲಿ ದ್ರಾಕ್ಷಾರಸ ತಯಾರಿಸಲು ಅವಕಾಶ ದೊರೆತರೂ ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು, ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್ ಹಾಗೂ ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಕ್ರಮವಾಗಿ ಸುಮಾರು 378 ಹಾಗೂ 757 ಲೀಟರ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಲು ಅನುಮತಿಸಿತು. ಅಲ್ಲಿನ ಎಲ್ಲ ರಾಜ್ಯಗಳಲ್ಲಿ ಈ ಹಕ್ಕು ನೆಲೆಗೊಳ್ಳಲು 2013ರವರೆಗೆ ಕಾಯಬೇಕಾಯಿತು. ಕರ್ನಾಟಕದಲ್ಲಿ 1965ರ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ನಿಷಿದ್ಧವಾದುದರಿಂದ ಮುಂದಿನ ವಿವರಣೆಯು ಆ ದೇಶಗಳ ಗೃಹಪದ್ಧತಿಗೆ ಸಂಬಂಧಿಸಿದುದು.

ಕಾನೂನು ಬಾಗಿಲು ತೆರೆದಾಗ ಮನೆಯವರಿಗೆ ಮಾಲ್ಟ್, ಹಾಪ್ಸ್, ಯೀಸ್ಟ್‌ಗಳು ದೊರೆತವು, ಶೈತ್ಯ ದೊರೆಯಲಿಲ್ಲ. ಆರಂಭದ ಉಪಾಯಗಳು ಹಳೆಯ ಕಾಲದವನ್ನೇ ನೆನಪಿಸುವಂತಿದ್ದವು. ಕೆಲವರು ಚಳಿಗಾಲದಲ್ಲಿ ಮಾತ್ರ ನೆಲಮಾಳಿಗೆಯಲ್ಲಿ ಬಿಯರ್ ತಯಾರಿಸಿದರು. ಕೆಲವರು ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಫ್ಯಾನಿನ ಗಾಳಿ ಬೀಸುವಂತೆ ಮಾಡಿದರು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗುವುದು ಯಾವ ತತ್ತ್ವದಿಂದಲೋ ಇದೂ ಅದೇ ತತ್ತ್ವದಿಂದ ಕೆಲಸ ಮಾಡುತ್ತದೆ. ಗಾಳಿ ಒಣಗಿರುವ ಕಡೆ ಮಾತ್ರ ಫಲಕಾರಿ. ಇನ್ನು ಕೆಲವರು ಥರ್ಮೋಕೋಲ್ ಹಾಳೆಗಳಿಂದ ಪೆಟ್ಟಿಗೆ ಮಾಡಿ, ಅದರಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನಿಟ್ಟು, ದಿನಕ್ಕೊಂದೆರಡು ಬಾರಿ ಬದಲಾಯಿಸುತ್ತ ಬಂದರು.

ನಿರ್ಣಾಯಕವಾದ ಬದಲಾವಣೆ ಬಂದುದು ಗೃಹೋಪಯೋಗಿ ರೆಫ್ರಿಜರೇಟರಿಗೆ ಪ್ರತ್ಯೇಕ ಥರ್ಮೋಸ್ಟಾಟ್ ಜೋಡಿಸುವ ಕ್ರಮದಿಂದ. ಎರಡು ಲೋಹಗಳ ಪಟ್ಟಿ ಶಾಖಕ್ಕೆ ಬಾಗುವ ಗುಣವನ್ನು ಬಳಸಿ ಆಂಡ್ರ್ಯೂ ಯೂರ್ 1830ರಲ್ಲಿ ರೂಪಿಸಿದ ಈ ಉಪಕರಣ ವಿದ್ಯುತ್ತಿನ ಯುಗದಲ್ಲಿ ಅಗ್ಗವಾಗಿ ದೊರೆಯತೊಡಗಿತ್ತು. ರೆಫ್ರಿಜರೇಟರು ತನ್ನಷ್ಟಕ್ಕೆ 4 ಡಿಗ್ರಿಯ ಆಸುಪಾಸಿನಲ್ಲಿಯೂ ಫ್ರೀಜರು ಸೊನ್ನೆಗಿಂತ ಬಹಳ ಕೆಳಗೂ ನಿಲ್ಲುವಂತೆ ತಯಾರಾಗಿರುತ್ತವೆ. ಅಲ್ಲಿ ಯೀಸ್ಟ್ ಕೆಲಸ ಮಾಡದು. ಗೋಡೆಯ ವಿದ್ಯುತ್ ಸಂಪರ್ಕಕ್ಕೂ ಫ್ರಿಜ್ಜಿಗೂ ನಡುವೆ ನಿಯಂತ್ರಕವನ್ನು ಅಳವಡಿಸಿದರೆ, ನಿಗದಿಪಡಿಸಿದ ಉಷ್ಣತೆ ತಲುಪಿದೊಡನೆ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಫ್ರಿಜ್ಜಿನ ಒಳಗಿನ ಯಾವ ಭಾಗವನ್ನೂ ಬಿಚ್ಚಬೇಕಾಗಿಲ್ಲ. ಕೆಲಸಕ್ಕೆ ಬಾರದೆಂದು ಬದಿಗಿಟ್ಟ ಫ್ರಿಜ್ಜೂ ಹೀಗೆ 20 ಲೀಟರಿನ ಹುದುಗು ಪಾತ್ರೆಗೆ ಕೋಣೆಯಾಯಿತು.

ಈ ಪೆಟ್ಟಿಗೆಯ ರಚನೆಯಲ್ಲಿ ಅನುಭವದಿಂದ ಕೆಲವು ನಿಯಮಗಳು ರೂಪುಗೊಂಡವು. ಸಂವೇದಕವನ್ನು ಪೆಟ್ಟಿಗೆಯ ಗಾಳಿಯಲ್ಲಿ ತೂಗಬಿಟ್ಟರೆ ಗಾಳಿಯ ಉಷ್ಣತೆ ಮಾತ್ರ ಸ್ಥಿರವಾಗುತ್ತದೆ. ಹುದುಗು ಉತ್ಕಟವಾಗಿರುವಾಗ ರಸವು ಅದಕ್ಕಿಂತ ಬಿಸಿಯಾಗಿಯೇ ಉಳಿಯುತ್ತದೆ. ಆದುದರಿಂದ ಸಂವೇದಕವನ್ನು ಪಾತ್ರೆಯ ಮೈಗೆ ಒತ್ತಿ ಅಂಟಿಸಿ, ಮೇಲೆ ದಪ್ಪ ಸ್ಪಂಜಿನ ತುಂಡನ್ನು ಹೊದಿಸುವುದು, ಇಲ್ಲವೇ ಮುಚ್ಚಳದ ಮೂಲಕ ರಸದೊಳಗೆ ಇಳಿಬಿಟ್ಟ ತುದಿಮುಚ್ಚಿದ ಕೊಳವೆಯಲ್ಲಿ ಇರಿಸುವುದು ರೂಢಿಯಾಯಿತು. ನಿಯಂತ್ರಕವು ಅರ್ಧ ಡಿಗ್ರಿಯಿಂದ ಒಂದು ಡಿಗ್ರಿಯಷ್ಟು ವ್ಯತ್ಯಾಸವನ್ನು ಸಹಿಸುವಂತಿರಬೇಕು. ಇಲ್ಲದಿದ್ದರೆ ಕಂಪ್ರೆಸರ್ ಕ್ಷಣಕ್ಷಣಕ್ಕೂ ಆರಂಭವಾಗಿ ನಿಂತು ಬೇಗ ಹಾಳಾಗುತ್ತದೆ. ಒಮ್ಮೆ ನಿಂತ ಕಂಪ್ರೆಸರ್ ಮತ್ತೆ ಆರಂಭವಾಗುವ ಮುನ್ನ ಕೆಲವು ನಿಮಿಷಗಳ ವಿರಾಮವನ್ನೂ ಇದೇ ಕಾರಣಕ್ಕೆ ವಿಧಿಸಲಾಗುತ್ತದೆ. ಚಳಿಯ ಊರುಗಳಲ್ಲಿ ಪಾತ್ರೆಗೆ ಶಾಖದ ಪಟ್ಟಿಯನ್ನೂ ಸುತ್ತಿ, ಒಂದೇ ನಿಯಂತ್ರಕವು ಅಗತ್ಯಕ್ಕೆ ತಕ್ಕಂತೆ ತಣಿಸುವ ಅಥವಾ ಕಾಯಿಸುವ ವ್ಯವಸ್ಥೆ ಬಳಕೆಗೆ ಬಂದಿತು. ಫ್ರೀಜರಿನಲ್ಲಿ ವಿದ್ಯುತ್ ನಿಂತ ಮೇಲೂ ಗೋಡೆಗಳು ತಂಪನ್ನು ಸೂಸುತ್ತಿರುವುದರಿಂದ ಉಷ್ಣತೆ ಗುರಿಗಿಂತ ಕೆಳಗಿಳಿಯುವ ಸಂಭವವಿದೆ. ಒಳಗೆ ಸೇರುವ ತೇವವನ್ನು ಒರೆಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವುದರ ಜೊತೆಗೆ ಬೇಕಾದಂತೆ ಏರಿಸಿ ಇಳಿಸುವುದೂ ಇದರಿಂದ ಸಾಧ್ಯವಾಯಿತು. ಲಾಗರನ್ನು 10ರಿಂದ 12 ಡಿಗ್ರಿಯಲ್ಲಿ ಹುದುಗಲು ಬಿಟ್ಟು, ಕೊನೆಯ ಹಂತದಲ್ಲಿ 16 ಡಿಗ್ರಿಯ ಸುತ್ತಮುತ್ತ ಎರಡು ಮೂರು ದಿನ ಏರಿಸಿದರೆ ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಎಂಬ ದ್ರವ್ಯವನ್ನು ಯೀಸ್ಟ್ ತಾನೇ ಹೀರಿಕೊಳ್ಳುತ್ತದೆ. ಬಳಿಕ ನಿಧಾನವಾಗಿ ಸೊನ್ನೆಯ ಸಮೀಪಕ್ಕೆ ಇಳಿಸಿ ವಾರಗಟ್ಟಲೆ ಇಡಲಾಗುತ್ತದೆ. ಬವೇರಿಯಾದಲ್ಲಿ ಶರತ್ಕಾಲದಿಂದ ವಸಂತದವರೆಗಿನ ಹವೆ ಹಾಗೂ ನದಿದಂಡೆಯ ಮಾಳಿಗೆ ಕೂಡಿ ಮಾಡುತ್ತಿದ್ದ ಕೆಲಸವನ್ನು ಒಂದು ಹಳೆಯ ಫ್ರಿಜ್ಜು ಕೆಲವೇ ವಾರಗಳಲ್ಲಿ ಮಾಡುವಂತಾಯಿತು.

ಇಲ್ಲಿ ಪ್ರಮಾಣದ ಪ್ರಶ್ನೆ ಮತ್ತೆ ಮುಖ್ಯವಾಗುತ್ತದೆ. ಕಾರ್ಖಾನೆಯ ಬೃಹತ್ ತೊಟ್ಟಿಯನ್ನು ಸುತ್ತಲಿನ ಗಾಳಿಯನ್ನು ತಣಿಸಿ ಹತೋಟಿಯಲ್ಲಿಡಲಾಗದು. ಅದಕ್ಕೆ ತಂಪು ಕವಚ, ಪಂಪು, ಶೀತಕ ದ್ರವಗಳು ಬೇಕು. 20 ಲೀಟರಿನ ಪಾತ್ರೆಗೆ ತಣ್ಣನೆಯ ಗಾಳಿಯೇ ಸಾಕು. ಮನೆಯ ಅಳತೆಯ ಸಣ್ಣತನ ಒಂದು ಕಾಲದಲ್ಲಿ ಸ್ಪರ್ಧೆಯಲ್ಲಿ ಸೋಲಿಗೆ ಕಾರಣವಾಗಿತ್ತು. ಶೈತ್ಯವು ಅಗ್ಗವಾದಾಗ ಅದೇ ಸಣ್ಣತನ ಅನುಕೂಲವಾಗಿ ಪರಿಣಮಿಸಿತು.

ಸಮಾರೋಪ

ಮೇಲಿನ ವಿವೇಚನೆಯಿಂದ ಬಿಯರ್ ತಯಾರಿಕೆಯಲ್ಲಿ ಉಷ್ಣತಾ ನಿಯಂತ್ರಣವು ನಾಲ್ಕು ಹಂತಗಳಲ್ಲಿ ಬೆಳೆದುಬಂದುದು ಕಂಡುಬರುತ್ತದೆ. ಮೊದಲ ಹಂತದಲ್ಲಿ ಕಸುಬು ಋತುವಿಗೆ ಹೊಂದಿಕೊಂಡಿತು ಮತ್ತು ರಾಜಶಾಸನವು ಆ ಹೊಂದಾಣಿಕೆಯನ್ನು ಕಡ್ಡಾಯಗೊಳಿಸಿತು. ಎರಡನೆಯ ಹಂತದಲ್ಲಿ ನೆಲಮಾಳಿಗೆ ಹಾಗೂ ಮಂಜುಗಡ್ಡೆಗಳು ಚಳಿಗಾಲವನ್ನು ಬೇಸಿಗೆಯವರೆಗೆ ಹಿಡಿದಿಟ್ಟವು. ಮೂರನೆಯ ಹಂತದಲ್ಲಿ ಯಂತ್ರವು ಶೈತ್ಯವನ್ನು ಊರು ಮತ್ತು ತಿಂಗಳುಗಳ ಹಂಗಿನಿಂದ ಬಿಡಿಸಿ ಬಂಡವಾಳಕ್ಕೆ ಒಪ್ಪಿಸಿತು. ಕಸೌಲಿ ಹಾಗೂ ನೀಲಗಿರಿಗಳಿಂದ ಬೆಂಗಳೂರಿನವರೆಗಿನ ಭಾರತದ ಅನುಭವವನ್ನು ಈ ಹಂತದ ಬೆಳಕಿನಲ್ಲಿ ಅರ್ಥೈಸಬೇಕಾಗಿದೆ. ನಾಲ್ಕನೆಯ ಹಂತದಲ್ಲಿ, ಕಾನೂನು ಅನುಮತಿಸಿದ ದೇಶಗಳಲ್ಲಿ, ರೆಫ್ರಿಜರೇಟರು ಮತ್ತು ಥರ್ಮೋಸ್ಟಾಟುಗಳು ಆ ಶೈತ್ಯವನ್ನು ಮನೆಗೆ ತಂದವು.

ಮನೆಗೆ ಮರಳಿದ ಕಸುಬು ಮಧ್ಯಯುಗದ ಗೃಹಿಣಿಯರ ಕಸುಬೇ ಆಗಿದೆಯೆಂದು ಹೇಳಲಾಗದು. ಅವರಿಗೆ ಅದು ಜೀವನೋಪಾಯವಾಗಿತ್ತು; ಇಂದಿನ ಗೃಹತಯಾರಕರಿಗೆ ಅದು ಹವ್ಯಾಸ, ಮಾರಾಟಕ್ಕೆ ಅವಕಾಶವಿಲ್ಲದ ಹವ್ಯಾಸ. ಹಾಗಿದ್ದರೂ ಒಂದು ಸಂಗತಿ ಗಮನಿಸತಕ್ಕದ್ದಾಗಿದೆ. ಹುದುಗು ಯಾವಾಗ ಬಿಸಿಯಾಗುತ್ತದೆ, ಯಾವಾಗ ನಿಧಾನವಾಗುತ್ತದೆ, ಯಾವಾಗ ತಣಿಸಬೇಕು ಎಂಬ ತಿಳಿವಳಿಕೆ ಎರಡು ಶತಮಾನಗಳ ಕಾಲ ಕಾರ್ಖಾನೆಯ ದಿನಚರಿ ಪುಸ್ತಕಗಳಲ್ಲಿ ಉಳಿದಿತ್ತು. ಆ ತಿಳಿವಳಿಕೆ ಮತ್ತೆ ಸಾಮಾನ್ಯರ ಕೈಗೆ ಬಂದುದು ಹುದುಗು ಪೆಟ್ಟಿಗೆಯ ಮೂಲಕ. ಬವೇರಿಯಾದ ಪಂಚಾಂಗ, ಬ್ರಿಟನ್ನಿನ ಉಷ್ಣಮಾಪಕ, ಲಿಂಡೆಯ ಯಂತ್ರ ಈ ಮೂರರ ಸಾರವೂ ಅದರಲ್ಲಿ ಸೇರಿದೆ. ಶೈತ್ಯದ ಇತಿಹಾಸವನ್ನು ಬರೆಯುವವರು ಯಂತ್ರವನ್ನು ಕಂಡುಹಿಡಿದವರ ಜೊತೆಗೆ, ಅದು ಯಾರ ಮನೆಯನ್ನು ಯಾವಾಗ ತಲುಪಿತೆಂಬುದನ್ನೂ ಗಣನೆಗೆ ತೆಗೆದುಕೊಳ್ಳುವುದು ಅಗತ್ಯವಾಗಿದೆ.